ಹದಿನಾರು ಬಿಂದು ಮೂರು

ವೇಣೂರಿನಿಂದ ನಾರಾವಿಗೆ ಹೋಗುವ ದಾರಿಯಲ್ಲಿ, ಬಸ್ಸು ಏರು ಹತ್ತಿ ಉಸಿರು ಬಿಡುವ ಜಾಗದಲ್ಲಿ ಒಂದು ಸರಕಾರಿ ಶಾಲೆ ಇದೆ. ಅಲ್ಲಿನ ಬಿಸಿಯೂಟದ ಅಡುಗೆಗೆ ಕಾಂತಿ ಸೇರಿ ಹದಿನೇಳು ವರ್ಷವಾಯಿತು. ಮಕ್ಕಳು ನೂರ ಹನ್ನೆರಡು. ಸಣ್ಣ ಕ್ಲಾಸಿನವರಿಗೆ ತಲೆಗೆ ನೂರು ಗ್ರಾಂ ಅಕ್ಕಿ, ದೊಡ್ಡ ಕ್ಲಾಸಿನವರಿಗೆ ನೂರೈವತ್ತು. ಬೆಳಿಗ್ಗೆ ಹಾಜರಿ ಎಷ್ಟೆಂದು ಕೇಳಿಕೊಂಡು ಕಾಂತಿ ಅಳತೆಯ ಡಬ್ಬಿ ಕೈಗೆತ್ತಿಕೊಂಡರೆ ಸರಿ, ಹೆಡ್‌ಮಾಸ್ತರರು ಕ್ಯಾಲ್ಕುಲೇಟರ್ ಒತ್ತಿ ಮುಗಿಸುವಷ್ಟರಲ್ಲಿ ಅವಳ ಅಕ್ಕಿ ತೊಳೆದು ಆಗಿರುತ್ತಿತ್ತು. ಅನ್ನ ಮಿಕ್ಕಿ ಚೆಲ್ಲಿದ್ದಿಲ್ಲ, ಸಾಲದೆ ಒಂದು ಮಗು ತಟ್ಟೆ ಹಿಡಿದು ನಿಂತದ್ದೂ ಇಲ್ಲ.

ಇಷ್ಟು ಲೆಕ್ಕ ಬಲ್ಲವಳು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ. ತಮ್ಮ ರಂಜಿತ್ ಹುಟ್ಟಿದ ವರ್ಷ ತಾಯಿ ಹಾಸಿಗೆ ಹಿಡಿದರು, ತೊಟ್ಟಿಲು ತೂಗಲು ಮನೆಯಲ್ಲಿ ಜನ ಬೇಕಾಯಿತು. ಕೂಡಿಸುವುದು, ಕಳೆಯುವುದು, ಗುಣಿಸುವುದು ಕೈಗೆ ಬಂದಿತ್ತು. ಭಾಗಾಕಾರ ಅರ್ಧ ದಾರಿಯಲ್ಲಿರುವಾಗ ಸ್ಲೇಟು ಅಟ್ಟ ಸೇರಿತು. ಅದಕ್ಕಾಗಿ ಅವಳು ಕೊರಗಿದವಳಲ್ಲ. ಎತ್ತಿ ಆಡಿಸಿದ ಆ ತಮ್ಮನೇ ಬೆಳೆದು ಮಸ್ಕತ್‌ನ ಹೋಟೆಲೊಂದರಲ್ಲಿ ಅಡುಗೆಗೆ ನಿಂತ. ವಾರಕ್ಕೆ ಎರಡು ಸಲವಾದರೂ ಅಕ್ಕನಿಗೆ ಫೋನು ಮಾಡುತ್ತಿದ್ದ.

ಐವತ್ತೆರಡನೇ ವಯಸ್ಸಿನಲ್ಲಿ ಕಾಂತಿಗೆ ಶುಗರ್ ಇರುವುದು ಗೊತ್ತಾಯಿತು. ಆರೋಗ್ಯ ಕೇಂದ್ರದ ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದುಕೊಟ್ಟರು. ಹಳದಿ ರಟ್ಟಿನ ಪುಟ್ಟ ಪುಸ್ತಕದಲ್ಲಿ ಒಂದು ಸಂಖ್ಯೆಗೆ ಸುತ್ತು ಹಾಕಿ, “ಊಟ ಮಾಡಿ ಎರಡು ಗಂಟೆ ಬಿಟ್ಟು ನೋಡಿದ್ರೆ ಇದು ನೂರ ಎಂಬತ್ತರ ಒಳಗೆ ಇರಬೇಕು” ಎಂದರು. ಕಾಂತಿ ಆ ನೂರ ಎಂಬತ್ತನ್ನು ಸೆರಗಿಗೆ ಗಂಟು ಹಾಕಿಕೊಂಡವಳ ಹಾಗೆ ಮನಸ್ಸಿನಲ್ಲಿಟ್ಟುಕೊಂಡು ಬಂದಳು.

ಒಂದು ವರ್ಷ ತಿಂಗಳು ತಪ್ಪದೆ ಹೋಗಿ ತೋರಿಸಿದಳು. ಆದರೆ ಪ್ರತಿ ಸಲ ಅರ್ಧ ದಿನದ ರಜೆ, ಎರಡು ಬಸ್ಸು, ಸಾಲಿನಲ್ಲಿ ನಿಲ್ಲುವುದು. ಅವಳಿಲ್ಲದ ದಿನ ಅಡುಗೆಗೆ ಬದಲಿ ಜನ ಸಿಗುವುದೂ ಕಷ್ಟ. ಇದನ್ನು ಕೇಳಿದ ರಂಜಿತ್ ಊರಿಗೆ ಬರುವವರ ಕೈಯಲ್ಲಿ ಒಂದು ಮಷಿನ್ ಕಳುಹಿಸಿದ. ಅಂಗೈಯಷ್ಟು ದೊಡ್ಡದು, ಕಪ್ಪು ಬಣ್ಣ, ಜೊತೆಗೆ ರಕ್ತ ತಾಗಿಸುವ ಪಟ್ಟಿಗಳ ಎರಡು ಡಬ್ಬಿ. ಬಳಸುವ ಕ್ರಮವನ್ನು ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟ.

“ಬೆರಳಿಗೆ ಚುಚ್ಚು ಅಕ್ಕ. ಪಟ್ಟಿಗೆ ತಾಗಿಸು. ಐದು ಸೆಕೆಂಡಲ್ಲಿ ನಂಬರ್ ಬರ್ತದೆ. ಎಷ್ಟು ಬಂತು?”

“ಒಂದು, ಆರು, ಮೂರು,” ಎಂದಳು ಕಾಂತಿ. ಫೋನಿನ ಎದುರು ಮಷಿನ್ ಹಿಡಿದಳು. ವೇಣೂರಿನ ನೆಟ್‌ವರ್ಕಿನಲ್ಲಿ ಆ ಕಡೆಯವನಿಗೆ ಅದು ಮಬ್ಬು ಮಬ್ಬಾಗಿ ಕಂಡಿತು.

“ನೂರ ಅರುವತ್ತಮೂರಾ? ನೂರ ಎಂಬತ್ತರ ಒಳಗೆ ಅಲ್ವಾ ಹೇಳಿದ್ದು ಡಾಕ್ಟ್ರು? ಮತ್ತೆಂತ, ಒಳ್ಳೆದೇ ಉಂಟು.”

ಆ ದಿನದಿಂದ ಗೋಡೆಯ ಕ್ಯಾಲೆಂಡರಿನ ಹಿಂಬದಿ ಕಾಂತಿಯ ದಾಖಲೆ ಪುಸ್ತಕವಾಯಿತು. 163, 148, 156, 171 ಎಂದು ಸಾಲಾಗಿ ಬರೆದಳು. ಒಂದೂ ನೂರ ಎಂಬತ್ತು ದಾಟಲಿಲ್ಲ. ಗಂಡ ಸುಬ್ಬಯ್ಯನಿಗೂ ಮಷಿನ್ ಮೇಲೆ ದೊಡ್ಡ ಗೌರವ, ಬಂದವರಿಗೆಲ್ಲ ತೋರಿಸುತ್ತಿದ್ದ. ಒಮ್ಮೆ ಪಕ್ಕದ ಮನೆಯ ಸೊಸೆ ನಿಖಿತಾ ತನ್ನದನ್ನೂ ನೋಡಿ ಎಂದು ಬೆರಳು ಕೊಟ್ಟಳು. ಆರು, ಎರಡು ಎಂದು ಬಂತು. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಅಪಾಯ ಎಂದು ಕಾಂತಿ ಕೇಳಿದ್ದಳು. ಅರವತ್ತೆರಡು ಎಂದು ಹೆದರಿ, ಹುಡುಗಿಯನ್ನು ಅಲ್ಲೇ ಕೂರಿಸಿ ಎರಡು ಚಮಚ ಸಕ್ಕರೆ ಕದಡಿ ಕುಡಿಸಿದಳು. “ನನಗೆ ಎಂತ ಆಗ್ಲಿಲ್ಲ ಅಕ್ಕ” ಎಂದು ನಿಖಿತಾ ಹೇಳಿದರೂ ಕೇಳಲಿಲ್ಲ.

ಎರಡು ತಿಂಗಳು ಕಳೆಯುವಾಗ ಕಾಂತಿಗೆ ಧೈರ್ಯ ಬಂತು. ಆರೋಗ್ಯ ಕೇಂದ್ರಕ್ಕೆ ಹೋಗುವುದು ನಿಂತಿತು. ಶುಗರ್ ಹಿಡಿತದಲ್ಲಿರುವಾಗ ಎರಡು ಮಾತ್ರೆ ಯಾಕೆ ಎಂದು ರಾತ್ರಿಯದನ್ನು ಬಿಟ್ಟಳು. ಮಧ್ಯಾಹ್ನ ಮಕ್ಕಳ ಜೊತೆ ಇನ್ನೊಂದು ಸೌಟು ಅನ್ನ ಹಾಕಿಕೊಂಡಳು. ಮೈಯಲ್ಲಿ ಮಾತ್ರ ಸುಖವಿರಲಿಲ್ಲ. ಎಷ್ಟು ನೀರು ಕುಡಿದರೂ ಬಾಯಾರಿಕೆ. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಕಣ್ಣು ಮಂಜು. ಸೆಖೆಗಾಲ ಅಲ್ವಾ, ವಯಸ್ಸು ಆಯಿತಲ್ವಾ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಜೂನ್ ತಿಂಗಳ ಕೊನೆಗೆ ಕುದಿಯುವ ಸಾಂಬಾರು ತುಳುಕಿ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಹದಿನೇಳು ವರ್ಷದಲ್ಲಿ ಇಂಥದ್ದು ಎಷ್ಟೋ ಸಲ ಆಗಿದೆ, ನಾಲ್ಕು ದಿನದಲ್ಲಿ ಒಣಗಿದೆ. ಈ ಸಲ ಮೂರು ವಾರವಾದರೂ ಒಣಗಲಿಲ್ಲ, ಉಗುರಿನ ಸುತ್ತ ಕಪ್ಪಾಗುತ್ತ ಬಂತು. ಅವಳಿಗೆ ವಿಚಿತ್ರ ಅನಿಸಿದ್ದೆಂದರೆ ನೋವು ಅಷ್ಟಾಗಿ ಇರಲಿಲ್ಲ. ಪೇಟೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದವರು ಶುಗರ್ ಎಷ್ಟೆಂದು ಕೇಳಿದರು.

“ನಿನ್ನೆ ನೋಡಿದ್ದು. ನೂರ ಐವತ್ತಾರು.”

“ಹಾಗಾದ್ರೆ ಕಂಟ್ರೋಲಲ್ಲಿ ಉಂಟಲ್ಲ. ಗುಣ ಆಗ್ತದೆ,” ಎಂದು ಮುಲಾಮು ಹಚ್ಚಿ ಬಟ್ಟೆ ಸುತ್ತಿ ಕಳುಹಿಸಿದರು.

ಅದಾಗಿ ಒಂದು ವಾರಕ್ಕೆ, ಮಳೆ ಸ್ವಲ್ಪ ಬಿಟ್ಟಿದ್ದ ಗುರುವಾರ, ಕಾಂತಿ ಅಡುಗೆಕೋಣೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಅಡುಗೆಕೋಣೆಯ ಕಿಟಕಿಗೂ ಆರನೇ ಕ್ಲಾಸಿನ ಕಿಟಕಿಗೂ ನಡುವೆ ಇರುವುದು ಬರೀ ಆರು ಅಡಿ. ಒಳಗೆ ಶಶಿಪ್ರಭಾ ಟೀಚರ್ ಲೆಕ್ಕ ಮಾಡಿಸುತ್ತಿದ್ದರು. ಮೂಡುಬಿದಿರೆಯಿಂದ ದಿನಾ ಬಸ್ಸಿನಲ್ಲಿ ಬರುವ ಅವರಿಗೆ ಪುಸ್ತಕದ ಉದಾಹರಣೆ ಬಿಟ್ಟು ಕಣ್ಣೆದುರಿನದನ್ನು ಹಿಡಿದು ಪಾಠ ಮಾಡುವ ಅಭ್ಯಾಸ.

“ಇವತ್ತು ನಮ್ಮ ಕಾಂತಿ ಅಕ್ಕ ಎಷ್ಟು ಅಕ್ಕಿ ಹಾಕಿದ್ದಾರೆ ಗೊತ್ತುಂಟಾ? ಹದಿಮೂರು ಕಿಲೋ ಮುನ್ನೂರು ಗ್ರಾಂ. ಅದನ್ನು ಹೀಗೆ ಬರೆಯುವುದು.”

ಹೆಸರು ಕೇಳಿ ಕಾಂತಿ ಕತ್ತು ಎತ್ತಿ ನೋಡಿದಳು. ಬೋರ್ಡಿನಲ್ಲಿ 13.3 ಎಂದು ಬರೆದಿತ್ತು.

“ಈಗ ನಾನು ನಡುವಿನ ಚುಕ್ಕಿ ಉಜ್ಜಿಬಿಡ್ತೇನೆ. ಎಷ್ಟಾಯ್ತು?”

“ನೂರ ಮೂವತ್ತಮೂರು,” ಎಂದರು ಮಕ್ಕಳು.

“ಕಾಂತಿ ಅಕ್ಕ ನೂರ ಮೂವತ್ತಮೂರು ಕಿಲೋ ಅಕ್ಕಿ ಬೇಯಿಸಿದ್ರೆ?”

“ಇಡೀ ಊರಿಗೆ ಊಟ ಟೀಚರ್,” ಎಂದಳು ಒಬ್ಬಳು. ಕ್ಲಾಸೆಲ್ಲ ನಕ್ಕಿತು.

ಕಾಂತಿ ನಗಲಿಲ್ಲ. ಟೀಚರ್ ಮತ್ತೆ ಇಟ್ಟ ಆ ಚುಕ್ಕಿಯನ್ನೇ ನೋಡುತ್ತ ನಿಂತಳು. ಅಂಥದೇ ಚುಕ್ಕಿಯನ್ನು ಅವಳು ದಿನಾ ನೋಡುತ್ತಿದ್ದಳು. ಮಷಿನಿನ ಗಾಜಿನ ಒಳಗೆ ಕೊನೆಯ ಅಂಕಿಯ ಎಡಕ್ಕೆ, ಕೆಳಗೆ, ಇರುವೆಯ ಮೊಟ್ಟೆಯಷ್ಟು ಸಣ್ಣದು. ಮಷಿನಿನ ಏನೋ ಒಂದು ಗುರುತು ಎಂದುಕೊಂಡಿದ್ದಳು. ಸೌತೆಕಾಯಿ ಹೆಚ್ಚಿ ಮುಗಿಸಿ, ಸಾಂಬಾರಿಗೆ ಒಗ್ಗರಣೆ ಹಾಕಿ, ಮಕ್ಕಳಿಗೆ ಬಡಿಸಿದಳು.

ಊಟದ ನಂತರ ಕೈಚೀಲದಿಂದ ಮಷಿನ್ ತೆಗೆದು ಟೀಚರ ಬಳಿ ಹೋದಳು.

“ಟೀಚರೇ, ಇದರಲ್ಲಿ ನಿನ್ನೆಯದ್ದು ಉಂಟು. ಒಂದು ಸಲ ಓದಿ ಹೇಳಿ.”

ಶಶಿಪ್ರಭಾ ಕನ್ನಡಕ ಸರಿ ಮಾಡಿಕೊಂಡರು. “ಹದಿನಾರು ಬಿಂದು ಮೂರು.”

“ನೂರ ಅರುವತ್ತಮೂರು ಅಲ್ವಾ?”

“ಅಲ್ಲ ಕಾಂತಿ ಅಕ್ಕ. ಚುಕ್ಕಿ ಉಂಟಲ್ಲ ಇಲ್ಲಿ.”

ಕಾಂತಿ ಬೆಂಚಿನ ಮೇಲೆ ಕುಳಿತಳು. “ಹದಿನಾರೇ ಶುಗರ್ ಆದ್ರೆ ನಾನು ನಿಂತುಕೊಂಡು ನೂರಹನ್ನೆರಡು ಜನಕ್ಕೆ ಬಡಿಸಿದ್ದು ಹೇಗೆ ಟೀಚರೇ?”

ಟೀಚರ್ ಮಷಿನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು. ಸಂಖ್ಯೆಯ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಿದ್ದವು. ತಮ್ಮ ತಂದೆಯ ಮಷಿನಿನಲ್ಲಿ ಅವು ಬೇರೆ ಥರ ಇದ್ದವೆಂದು ಅವರಿಗೆ ನೆನಪು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಜಾಯಮಾನ ಅವರದ್ದಲ್ಲ. ವೇಣೂರು ಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಸುಲೈಮಾನ್ ಅವರಿಗೆ ಫೋನು ಮಾಡಿ, ಆ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದರು. ಸುಲೈಮಾನ್ ಹತ್ತು ವರ್ಷ ಗಲ್ಫಿನಲ್ಲಿ ಔಷಧದ ಅಂಗಡಿಯಲ್ಲೇ ದುಡಿದು ಬಂದವರು.

“ಅದು ಬೇರೆ ಅಳತೆ ಟೀಚರ್,” ಎಂದರು ಅವರು. “ಅಲ್ಲಿ ಕೆಲವು ದೇಶದಲ್ಲಿ ಹಾಗೆ ನೋಡುವುದು. ನಮ್ಮ ಊರಿನ ಲೆಕ್ಕಕ್ಕೆ ತರ್ಲಿಕ್ಕೆ ಹದಿನೆಂಟರಿಂದ ಗುಣಿಸಬೇಕು. ಯಾರದ್ದು? ಎಷ್ಟು ಬಂದದ್ದು?”

ಟೀಚರ್ ಫೋನು ಕಿವಿಗೆ ಹಿಡಿದೇ ಬೋರ್ಡಿನ ಕಡೆ ತಿರುಗಿದರು. ಅಕ್ಕಿಯ ಲೆಕ್ಕದ ಪಕ್ಕದಲ್ಲೇ 16.3 ಬರೆದು ಹದಿನೆಂಟರಿಂದ ಗುಣಿಸಿದರು. ಇನ್ನೂರ ತೊಂಬತ್ತಮೂರು ಬಂತು, ಮೇಲೆ ಚಿಲ್ಲರೆ. ಮತ್ತೊಮ್ಮೆ ಗುಣಿಸಿದರು, ಅಷ್ಟೇ ಬಂತು.

ಕಾಂತಿ ಬೋರ್ಡನ್ನು ನೋಡಿದಳು, ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿದಳು. ಅವಳ ಬಾಯಿಂದ ಬಂದ ಮೊದಲ ಮಾತು, “ಹಾಗಾದ್ರೆ ನಿಖಿತಾ ಸರಿಯಾಗಿಯೇ ಇದ್ದಳು. ಸುಮ್ಮನೆ ಅವಳಿಗೆ ಸಕ್ಕರೆ ಕುಡಿಸಿದೆ.” ಆಮೇಲೆ ಕಣ್ಣಲ್ಲಿ ನೀರು ಬಂತು. “ನಾಲ್ಕು ತಿಂಗಳು ಟೀಚರೇ. ನಾಲ್ಕು ತಿಂಗಳು ತಪ್ಪು ಓದಿದೆ. ರಾತ್ರಿಯ ಮಾತ್ರೆಯನ್ನೂ ಬಿಟ್ಟೆ.”

“ನಾಳೆ ಬೆಳಿಗ್ಗೆ ಬೆಳ್ತಂಗಡಿಗೆ ಹೋಗುವ,” ಎಂದರು ಶಶಿಪ್ರಭಾ. “ಹೆಡ್‌ಮಾಸ್ಟ್ರಿಗೆ ನಾನು ಹೇಳ್ತೇನೆ. ನಾನೂ ಬರ್ತೇನೆ.”

ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯಲ್ಲಿ ಶುಗರ್ ನೋಡುತ್ತಿದ್ದವರು ಡಾಕ್ಟರ್ ಆಫ್ರಾ, ಬಂಟ್ವಾಳದ ಕಡೆಯವರು, ಇನ್ನೂ ಚಿಕ್ಕ ಪ್ರಾಯ. ರಕ್ತ ಪರೀಕ್ಷೆಯ ಚೀಟಿ ನೋಡಿ ಅವರ ಮುಖ ಗಂಭೀರವಾಯಿತು. ಆ ಹೊತ್ತಿನ ಶುಗರ್ ಮುನ್ನೂರ ಹನ್ನೆರಡು. ಮೂರು ತಿಂಗಳ ಸರಾಸರಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಇನ್ನೊಂದು ಪರೀಕ್ಷೆಯಲ್ಲಿ, ಏಳರ ಹತ್ತಿರ ಇರಬೇಕಾದದ್ದು ಹತ್ತು ಬಿಂದು ಒಂಬತ್ತು. ಮಷಿನ್ ತಿರುಗಿಸಿ ನೋಡಿದರು. ಕಾಂತಿ ಹರಿದು ತಂದಿದ್ದ ಕ್ಯಾಲೆಂಡರಿನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ಎಲ್ಲ ಸಂಖ್ಯೆಗಳ ಮೇಲೂ ಬೆರಳಾಡಿಸಿದರು.

ಬೈಗುಳ ಬರುತ್ತದೆಂದು ಕಾಂತಿ ತಲೆ ತಗ್ಗಿಸಿ ಕುಳಿತಿದ್ದಳು.

“ದಿನಾ ತಪ್ಪದೆ ಬರೆದಿದ್ದೀರಿ ಅಮ್ಮ,” ಎಂದರು ಡಾಕ್ಟರ್. “ಇಷ್ಟು ಶ್ರದ್ಧೆಯಿಂದ ಬರೆಯುವವರು ನನ್ನ ಹತ್ತಿರ ನೂರರಲ್ಲಿ ಇಬ್ಬರಿಲ್ಲ. ಓದುವುದನ್ನು ಯಾರೂ ಹೇಳಿಕೊಡ್ಲಿಲ್ಲ, ಅಷ್ಟೆ. ಬೆರಳು ಉಳಿಸುವ. ಆದರೆ ಇನ್ನು ನನ್ನನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.”

ಎರಡೂ ಮಾತ್ರೆ ಮತ್ತೆ ಶುರುವಾದವು. ಕೆಲವು ತಿಂಗಳ ಮಟ್ಟಿಗೆ ಇನ್ಸುಲಿನ್ ಕೂಡ. ಗಾಯಕ್ಕೆ ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಊಟದ ವಿಷಯ ಬಂದಾಗ ಡಾಕ್ಟರ್, “ಮಧ್ಯಾಹ್ನ ಒಂದು ಕಪ್ ಅನ್ನ ಸಾಕು” ಎಂದರು.

“ಯಾವ ಕಪ್ಪು ಡಾಕ್ಟ್ರೇ?” ಕಾಂತಿ ತಲೆಯೆತ್ತಿದಳು. “ನಮ್ಮಲ್ಲಿ ಚಾದ ಕಪ್ಪು ಒಂದು ಉಂಟು. ನಮ್ಮವರದ್ದು ಸ್ಟೀಲಿನದ್ದು, ಅದರಲ್ಲಿ ಅಂಥದ್ದು ಎರಡು ಹಿಡಿಸ್ತದೆ. ಗ್ರಾಮಿನಲ್ಲಿ ಹೇಳಿ. ಗ್ರಾಂ ನನಗೆ ಗೊತ್ತುಂಟು.”

ಡಾಕ್ಟರ್ ಗ್ರಾಮಿನಲ್ಲೇ ಹೇಳಿದರು. “ಬೆಂದ ಅನ್ನ ನೂರೈವತ್ತು ಗ್ರಾಂ.”

“ಅಂದ್ರೆ ಅಕ್ಕಿ ಐವತ್ತು ಗ್ರಾಂ,” ಎಂದು ಕಾಂತಿ ತಕ್ಷಣ ಲೆಕ್ಕ ಹಾಕಿ, ಪೆಚ್ಚಾಗಿ ಟೀಚರ ಮುಖ ನೋಡಿದಳು. “ಒಂದನೇ ಕ್ಲಾಸಿನ ಮಗುವಿಗೆ ಹಾಕುವುದರ ಅರ್ಧ.”

ಡಾಕ್ಟರ್ ಆಫ್ರಾ ಜೋರಾಗಿ ನಕ್ಕರು. ತರಕಾರಿ, ಹೆಸರುಕಾಳು ಹೊಟ್ಟೆ ತುಂಬ ತಿನ್ನಬಹುದು ಎಂದರು. ಅಂದಿನಿಂದ ಅವರೂ ಬಂದವರಿಗೆ ಕಪ್ಪಿನ ಲೆಕ್ಕ ಹೇಳುವುದನ್ನು ಬಿಟ್ಟು, ಮೇಜಿನ ಮೇಲೊಂದು ಸ್ಟೀಲಿನ ಬಟ್ಟಲು ಇಟ್ಟುಕೊಂಡು ಅದರಲ್ಲಿ ತೋರಿಸತೊಡಗಿದರು.

ಆ ವಾರ ರಂಜಿತ್ ಫೋನು ಮಾಡಿದಾಗ ಕಾಂತಿ ನಡೆದದ್ದನ್ನೆಲ್ಲ ಹೇಳಿದಳು.

“ನಾನೇ ಕೊಂದುಬಿಡ್ತಿದ್ದೆ ಅಕ್ಕ ನಿನ್ನನ್ನು,” ಎಂದ ಅವನು.

“ಹುಚ್ಚು ಮಾತಾಡಬೇಡ ಮಾರಾಯ. ಮಷಿನ್ ಸುಳ್ಳು ಹೇಳ್ಲಿಲ್ಲ, ದಿನಾ ಸತ್ಯವನ್ನೇ ಹೇಳ್ತಿತ್ತು. ನಮಗಿಬ್ಬರಿಗೂ ಅದರ ಭಾಷೆ ಬರ್ತಿರಲಿಲ್ಲ. ಪಟ್ಟಿ ಮುಗಿಯುತ್ತಾ ಬಂತು, ಇನ್ನೆರಡು ಡಬ್ಬಿ ಕಳಿಸು.”

ಹೊಸ ಮಷಿನ್ ತೆಗೆದುಕೊಳ್ಳಿ ಎಂದು ಸುಲೈಮಾನ್ ಹೇಳಿದ್ದರು. ಕಾಂತಿ ಒಪ್ಪಲಿಲ್ಲ, ಇದನ್ನೇ ಓದಲು ಕಲಿಯುತ್ತೇನೆ ಎಂದಳು. ಕಾಲಿಗೆ ವಿಶ್ರಾಂತಿ ಬೇಕಿದ್ದ ಆ ದಿನಗಳಲ್ಲಿ ಬದಲಿ ಹೆಂಗಸು ಸೌದೆ, ಪಾತ್ರೆ ನೋಡಿಕೊಳ್ಳುತ್ತಿದ್ದಳು. ಕಾಂತಿ ಕುಳಿತಲ್ಲಿಂದಲೇ ಅಳತೆ ಹೇಳಿ, ಆಮೇಲೆ ಆರನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಳು. ಮೊದಲ ದಿನ ನಾಚಿಕೆಯಿಂದ ಮುಖ ಕೆಂಪಾಯಿತು. ಬಡಿಸುವ ಅಕ್ಕ ಪಕ್ಕದಲ್ಲಿ ಕುಳಿತದ್ದು ಮಕ್ಕಳಿಗೆ ಹಬ್ಬ, ಪೆನ್ಸಿಲು ಕೊಡಲು ಜಗಳವೇ ಆಯಿತು.

ಏಳು ಬಿಂದು ಆರು ದೊಡ್ಡದೋ, ಏಳು ಬಿಂದು ನಾಲ್ಕು ಐದು ದೊಡ್ಡದೋ ಎಂದು ಒಂದು ದಿನ ಟೀಚರ್ ಕೇಳಿದರು. ಆರಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂದು ಅರ್ಧ ಕ್ಲಾಸು ಎರಡನೆಯದಕ್ಕೆ ಕೈ ಎತ್ತಿತು. ಕಾಂತಿ ಎರಡನ್ನೂ ಮನಸ್ಸಿನಲ್ಲೇ ಅಕ್ಕಿಯಾಗಿ ಅಳೆದು ನೋಡಿದಳು.

“ಮೊದಲನೆಯದು ದೊಡ್ಡದು ಟೀಚರೇ. ಏಳು ಕಿಲೋ ಆರುನೂರು ಗ್ರಾಂ ಒಂದು. ಮತ್ತೊಂದು ಏಳು ಕಿಲೋ ನಾನೂರೈವತ್ತು.”

ಕೈ ಎತ್ತಿದ್ದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಆಗ ಕಾಂತಿಗಾದ ಸಂತೋಷ ಯಾವ ಸಂತೋಷಕ್ಕೂ ಕಡಿಮೆಯಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದಳು.

ಹದಿನೆಂಟರ ಗುಣಾಕಾರಕ್ಕೂ ಅವಳೇ ಒಂದು ದಾರಿ ಮಾಡಿಕೊಂಡಳು. ಇಪ್ಪತ್ತರಿಂದ ಗುಣಿಸುವುದು, ಅದರಿಂದ ಮೊದಲಿನ ಸಂಖ್ಯೆಯ ಎರಡರಷ್ಟು ಕಳೆಯುವುದು. ಸುಬ್ಬಯ್ಯ ಎದುರು ಕುಳಿತು ಫೋನಿನಲ್ಲಿ ತಾಳೆ ನೋಡುತ್ತಿದ್ದ. ಸಂಖ್ಯೆ ಇಳಿಯುವುದು ಕಣ್ಣಿಗೆ ಕಂಡಿತು. ಹದಿನಾಲ್ಕು ಹನ್ನೆರಡಾಯಿತು, ಹನ್ನೆರಡು ಹತ್ತಾಯಿತು. ರಾತ್ರಿಯ ಊಟದ ನಂತರ ಅಂಗಳದಲ್ಲಿ ಅರ್ಧ ಗಂಟೆ ನಡೆದ ದಿನ ಎಷ್ಟು, ನಡೆಯದ ದಿನ ಎಷ್ಟು ಎಂದು ಪಕ್ಕಪಕ್ಕ ಬರೆದು ನೋಡುತ್ತಿದ್ದಳು. ಹೆಬ್ಬೆರಳಿನ ಉಗುರು ಹೋಯಿತು, ಬೆರಳು ಉಳಿಯಿತು. ನವರಾತ್ರಿಯ ಹೊತ್ತಿಗೆ ಗಾಯ ಪೂರ್ತಿ ಮುಚ್ಚಿತು. ಡಾಕ್ಟರ ಮಾತಿನಂತೆ ಅಡುಗೆಕೋಣೆಯೊಳಗೂ ಬೆರಳು ಮುಚ್ಚುವ ಚಪ್ಪಲಿ ಹಾಕತೊಡಗಿದಳು. ಮೂರು ತಿಂಗಳ ಸರಾಸರಿ ಎಂಟು ಬಿಂದು ಒಂದಕ್ಕೆ ಇಳಿದಿತ್ತು. ಏಳಕ್ಕೆ ಬರಬೇಕು, ಬರುತ್ತದೆ ಎಂದರು ಡಾಕ್ಟರ್. ಇನ್ಸುಲಿನ್ ಪ್ರಮಾಣ ಕಡಿಮೆ ಮಾಡಿದರು.

ಆ ದಿನವೇ ಆಸ್ಪತ್ರೆಯ ಬೆಂಚಿನಲ್ಲಿ ಅವಳ ಪಕ್ಕ ಒಬ್ಬ ಹಿರಿಯರು ಕುಳಿತಿದ್ದರು. ಮಡಂತ್ಯಾರಿನ ಅಬ್ದುಲ್ ರಹಿಮಾನ್, ದೋಹಾದಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದು ಊರಿಗೆ ಮರಳಿದವರು. ಮಗಳ ಒತ್ತಾಯಕ್ಕೆ ಬಂದದ್ದು ಎಂದು ಬೇಸರದಿಂದ ಹೇಳಿಕೊಂಡರು.

“ನನಗೆ ಶುಗರ್ ಸಮ ಉಂಟು. ಬೆಳಿಗ್ಗೆ ನೋಡಿದ್ದು, ನೂರ ಮೂವತ್ತೆರಡು. ಕಾಲು ಜುಮುಜುಮು ಆಗುವುದು ಪ್ರಾಯ ಆದ ಕಾರಣ.”

ಕಾಂತಿ ಅವರ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಮಷಿನ್ ನೋಡಿದಳು. “ಮಷಿನ್ ಅಲ್ಲಿಂದ ತಂದದ್ದಾ? ಒಂದು ಸಲ ಕೊಡಿ, ನೋಡುವ.”

ಅವರು ಅನುಮಾನದಿಂದಲೇ ತೆಗೆದುಕೊಟ್ಟರು. ಕಾಂತಿ ಮಷಿನನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ತೋರಿಸಿದಳು. “ಇಲ್ಲಿ ಒಂದು ಚುಕ್ಕಿ ಉಂಟು, ಕಾಣ್ತದಾ? ಇದು ಹದಿಮೂರು ಬಿಂದು ಎರಡು. ಇಪ್ಪತ್ತರಿಂದ ಗುಣಿಸಿದ್ರೆ ಇನ್ನೂರ ಅರುವತ್ತನಾಲ್ಕು. ಅದರಲ್ಲಿ ಇಪ್ಪತ್ತಾರು ತೆಗೀರಿ. ನಮ್ಮ ಊರಿನ ಲೆಕ್ಕದಲ್ಲಿ ನಿಮ್ಮದು ಹತ್ತಿರ ಹತ್ತಿರ ಇನ್ನೂರ ನಲುವತ್ತು.”

ರಹಿಮಾನ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಮೂರು ವರ್ಷದಿಂದ ಇದೇ ಮಷಿನ್,” ಎಂದರು ಮೆಲ್ಲಗೆ. ಆಮೇಲೆ, “ನೀವು ಇಲ್ಲಿಯ ನರ್ಸಾ?”

“ಅಲ್ಲ, ಶಾಲೆಯಲ್ಲಿ ಅಡುಗೆ ಮಾಡುವವಳು. ನನಗೂ ಹೀಗೆಯೇ ಆಗಿತ್ತು. ಹೆದರಬೇಡಿ, ಇಳೀತದೆ. ಒಳಗೆ ಹೋಗಿ ಡಾಕ್ಟ್ರಿಗೆ ಮಷಿನನ್ನೇ ತೋರಿಸಿ, ಬಾಯಲ್ಲಿ ಹೇಳಬೇಡಿ.”

ಒಳಗಿನಿಂದ ಇದನ್ನು ಕೇಳಿಸಿಕೊಂಡ ಡಾಕ್ಟರ್ ಆಫ್ರಾ ಮರುವಾರದಿಂದ ಒಂದು ಪದ್ಧತಿ ಮಾಡಿದರು. ಯಾರೇ ಬಂದರೂ ಶುಗರ್ ಎಷ್ಟೆಂದು ಬಾಯಿಮಾತಿನಲ್ಲಿ ಕೇಳಿ ಬಿಡುವಂತಿಲ್ಲ, ಮಷಿನ್ ತಂದು ತೋರಿಸಬೇಕು. ತಿಂಗಳೊಳಗೆ ಅಂಥ ಮಷಿನ್ ಇನ್ನೂ ನಾಲ್ಕು ಸಿಕ್ಕವು.

ಫೆಬ್ರವರಿಯ ಒಂದು ಶನಿವಾರ ಆಸ್ಪತ್ರೆಯವರು ನಾರಾವಿಯಲ್ಲಿ ಶುಗರ್ ಇರುವವರಿಗೆ ಒಂದು ಸಭೆ ಇಟ್ಟರು. ಕಾಂತಿ ಮಾತನಾಡಬೇಕು ಎಂದು ಡಾಕ್ಟರ್ ಹಟ ಹಿಡಿದರು. ಅವಳು ಹಿಂದಿನ ವಾರವಿಡೀ ಬೇಡ ಎಂದಳು, ಕೊನೆಗೆ ಹೋದಳು. ಮೂವತ್ತು ಮೂವತ್ತೈದು ಜನ ಸೇರಿದ್ದರು. ಮೈಕಿನ ಎದುರು ನಿಂತವಳಿಗೆ ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ನಾನು ನಾಲ್ಕನೇ ಕ್ಲಾಸು,” ಎಂದು ತುಳುವಿನಲ್ಲೇ ಶುರು ಮಾಡಿದಳು. “ದೊಡ್ಡ ಮಾತು ನನಗೆ ಬರುವುದಿಲ್ಲ. ನಿಮ್ಮ ಚೀಟಿ, ಮಷಿನ್ ಎಂತ ಉಂಟೋ ತೆಗೀರಿ. ಒಟ್ಟಿಗೆ ಓದುವ.”

ಅವಳು ವೇದಿಕೆಯಿಂದ ಇಳಿದು ಜನರ ನಡುವೆ ಕುರ್ಚಿ ಎಳೆದುಕೊಂಡು ಕುಳಿತಳು. ಮುಂದಿನ ಸಾಲಿನ ಮುದುಕಿಯೊಬ್ಬಳು ನಾಲ್ಕು ಮಡಿಕೆ ಮಾಡಿದ ಚೀಟಿ ಬಿಡಿಸಿ ಕೊಟ್ಟಳು. ಮಗ ಓದಿ ಹೇಳುತ್ತಾನೆ, ಆದರೆ ಕಡಿಮೆಯಾದದ್ದೋ ಹೆಚ್ಚಾದದ್ದೋ ಎಂದು ಕೇಳಿದರೆ ಸಿಡುಕುತ್ತಾನೆ ಎಂದಳು. ಕಾಂತಿ ಹಿಂದಿನ ಚೀಟಿಯನ್ನೂ ಕೇಳಿ ತೆಗೆಸಿದಳು, ಎರಡನ್ನೂ ಪಕ್ಕಪಕ್ಕ ಇಟ್ಟು, ಮೂರು ತಿಂಗಳ ಸರಾಸರಿ ಒಂಬತ್ತು ಬಿಂದು ನಾಲ್ಕರಿಂದ ಎಂಟು ಬಿಂದು ಏಳಕ್ಕೆ ಬಂದಿದೆ, ಇದು ಇಳಿದದ್ದು, ಒಳ್ಳೆಯದು ಎಂದು ಬೆರಳು ಹಿಡಿದು ತೋರಿಸಿದಳು. ಮುದುಕಿ ಆ ಎರಡು ಸಂಖ್ಯೆಗಳನ್ನು ತಾನೇ ಒಮ್ಮೆ ಹೇಳಿ ನೋಡಿದಳು. ಅವಳ ಹಿಂದೆ ಇನ್ನೊಬ್ಬರು ನಿಂತರು, ಅವರ ಹಿಂದೆ ಮತ್ತೊಬ್ಬರು. ನಾಲ್ಕೂವರೆಯ ಬಸ್ಸು ಹಾರ್ನ್ ಹಾಕಿ ಹೋಯಿತು. ಕಾಂತಿ ಗಂಡನಿಗೆ ಫೋನು ಮಾಡಿ, ಮುಂದಿನ ಬಸ್ಸಿಗೆ ಬರುತ್ತೇನೆಂದು ಹೇಳಿದಳು.